ಏಳು ನೀರಿನಲ್ಲಿ ತೊಳೆದ ಅಕ್ಕಿ

ನನ್ನ ಕಾಯಿಲೆಯ ಮಾತು ಬಂದಾಗಲೆಲ್ಲ, "ಬಾಣಂತನದಲ್ಲಿ ಕಾಲು ಊದಿತ್ತು, ನರ ಸೋತಿತ್ತು, ಶಿವಮೊಗ್ಗದ ಆಸ್ಪತ್ರೆಯಲ್ಲಿ ವಾಸಿಯಾಯಿತು" ಎಂದು ಹೇಳಿ ಮುಗಿಸಿಬಿಡುತ್ತೇನೆ. ಅದರಲ್ಲಿ ಸುಳ್ಳೇನೂ ಇಲ್ಲ. ಹೇಳಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ. ಈಗ ಯುದ್ಧದ ಕಾಲ. ರೇಷನ್ ಅಂಗಡಿಯಲ್ಲಿ ತೌಡು ಉಳಿದ ಕೆಂಪು ಅಕ್ಕಿ ಅಳೆದು ಕೊಟ್ಟರೆ ನಮ್ಮ ಸಾಲುಮನೆಗಳ ಹೆಂಗಸರು ಮೂಗು ಮುರಿಯುತ್ತಾರೆ. "ಇದನ್ನ ಮನುಷ್ಯರು ತಿಂತಾರೇನ್ರೀ?" ಎಂದು ನನ್ನ ಕಡೆ ತಿರುಗಿ ಕೇಳುತ್ತಾರೆ. ಮೊನ್ನೆ ಹಾಗೆ ಕೇಳಿದಾಗ ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ನಗುವನ್ನು ನೆನೆದು ನನಗೇ ಹೇಸಿಗೆಯಾಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದವರಲ್ಲಿ ಯಾರಿಗಾದರೂ ಇಂಥದೇ ಒಂದು ನಾಚಿಕೆ ಇದ್ದರೆ, ಜೊತೆಗೆ ನಾನೊಬ್ಬಳಿದ್ದೇನೆ ಎಂದು ಅವರಿಗೆ ಗೊತ್ತಾಗಲಿ.

ನನ್ನ ತವರು ನವುಲೆ. ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದು ಒಂದಿಷ್ಟು ನಡೆದರೆ ಸಿಗುವ ಊರು. ಕೆರೆ ಕೆಳಗೆ ನಮಗೆ ಗದ್ದೆ ಇತ್ತು. ಮನೆಯ ಭತ್ತವನ್ನು ಅವ್ವ ಒನಕೆಯಿಂದ ಕುಟ್ಟಿ ಅಕ್ಕಿ ಮಾಡುತ್ತಿದ್ದಳು. ಅನ್ನ ಕೆಂಪಗೆ, ದಪ್ಪಗೆ ಆಗುತ್ತಿತ್ತು. ಒಂದು ಹೊತ್ತು ಅನ್ನ, ಒಂದು ಹೊತ್ತು ರಾಗಿಮುದ್ದೆ. ನಾನು ಶಿವಮೊಗ್ಗಕ್ಕೆ ನಡೆದು ಹೋಗಿ ಲೋಯರ್ ಸೆಕೆಂಡರಿ ಓದಿದೆ. ನಮ್ಮ ಊರಿನ ಹುಡುಗಿಯರಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಅದರಿಂದ ಆದ ಲಾಭ ಎಷ್ಟೋ ಗೊತ್ತಿಲ್ಲ, ಜಂಬ ಮಾತ್ರ ಧಾರಾಳವಾಗಿ ಬಂತು.

ಮದುವೆಯಾಗಿ ಭದ್ರಾವತಿಗೆ ಬಂದೆ. ನಮ್ಮ ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರು. ದೊಡ್ಡ ಕುಲುಮೆಗೆ ಗಾಳಿ ಊದುವ ಯಂತ್ರಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಹೊಸ ಊರಿನ ಕಡೆ ಕಾರ್ಖಾನೆಯವರು ಕಟ್ಟಿಸಿದ್ದ ಸಾಲುಮನೆಗಳಲ್ಲಿ ನಮಗೊಂದು ಮನೆ, ಸಾಲಿನ ಕೊನೆಗೆ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಕಾರ್ಖಾನೆಯ ಕೂಗಿಗೆ ಸರಿಯಾಗಿ ಏಳುವುದು, ಕೂಗಿಗೆ ಸರಿಯಾಗಿ ಒಲೆ ಹಚ್ಚುವುದು. ಅವ್ವ ಮಾತ್ರ ಊರನ್ನು ಕೊನೆಯವರೆಗೂ ಅದರ ಹಳೇ ಹೆಸರು ಹಿಡಿದು ಬೆಂಕಿಪುರ ಎಂದೇ ಕರೆದಳು. "ಬೆಂಕಿಪುರಕ್ಕೆ ಕೊಟ್ಟೀನಿ ಮಗಳನ್ನ, ಅಲ್ಲಿ ಗದ್ದೆ ಇಲ್ಲ, ಕಣ ಇಲ್ಲ" ಎಂದು ತಿಂಗಳಿಗೊಮ್ಮೆ ಕೈಯಾರೆ ಕುಟ್ಟಿದ ಅಕ್ಕಿಯ ಚೀಲವನ್ನು ರೈಲಿನಲ್ಲಿ ಬರುವವರ ಕೈಲಿ ಕಳಿಸುತ್ತಿದ್ದಳು.

ಒಂದು ದಿನ ನಮ್ಮ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಕಾರ್ಖಾನೆಯ ಒಬ್ಬ ಇಂಜಿನಿಯರ ಹೆಂಡತಿ ದೊಡ್ಡ ಮನಸ್ಸು ಮಾಡಿ ಬಂದಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಮೊರದ ತುಂಬ ಅವ್ವನ ಅಕ್ಕಿ ಇತ್ತು. ಆಕೆ ಅದನ್ನು ನೋಡಿ, ಸಹಜವಾಗಿಯೇ, "ಇದು ಕೆಲಸದವರಿಗೆ ಇಟ್ಟಿದ್ದಾ?" ಎಂದು ಕೇಳಿದರು. ನಮ್ಮ ಮನೆಗೆ ಕೆಲಸದವರೇ ಇರಲಿಲ್ಲ. ಆದರೂ ನನ್ನ ಬಾಯಿಂದ "ಹೌದು" ಎಂದು ಬಂದುಬಿಟ್ಟಿತು.

ಮರುದಿನವೇ ಆ ಚೀಲವನ್ನು ಹಾಲಿನ ಚೌಡವ್ವನಿಗೆ ಎತ್ತಿ ಕೊಟ್ಟೆ. ಅವಳು ಹಳೇ ಊರಿನಿಂದ ಎಮ್ಮೆ ಹಾಲು ತಂದು ಹಾಕುವವಳು, ಐದು ಮಕ್ಕಳ ತಾಯಿ. ಅಂದಿನಿಂದ ನಮ್ಮ ಮನೆಗೆ ಮಿಲ್ಲಿನ ಅಕ್ಕಿ ಬಂತು. ಮಲ್ಲಿಗೆ ಮೊಗ್ಗಿನಂಥ ಅಕ್ಕಿ. ಶಾಲೆಯಲ್ಲಿ ಶುಚಿತ್ವದ ಪಾಠ ಓದಿದ್ದವಳಲ್ಲವೇ, ಆ ಬಿಳಿಯೂ ನನಗೆ ಸಾಲಲಿಲ್ಲ. ಏಳು ನೀರಿನಲ್ಲಿ ತೊಳೆಯುತ್ತಿದ್ದೆ. ಏಳನೆಯ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿರಬೇಕು, ಇಲ್ಲದಿದ್ದರೆ ಎಂಟನೆಯದು. ಬೆಂದ ಮೇಲೆ ಗಂಜಿಯನ್ನು ಕೊನೆಯ ಹನಿಯವರೆಗೂ ಬಸಿದು ಉದುರುದುರಾಗಿ ಬಡಿಸುತ್ತಿದ್ದೆ. ಅಕ್ಕಿ ತೊಳೆದ ಅಕ್ಕಚ್ಚನ್ನೂ ಬಸಿದ ಗಂಜಿಯನ್ನೂ ಚೌಡವ್ವ ಮಡಕೆಯಲ್ಲಿ ಹೊತ್ತು ಎಮ್ಮೆಗೆ ಒಯ್ಯುತ್ತಿದ್ದಳು. "ನಿಮ್ಮನೆ ಅಕ್ಕಚ್ಚು ಕುಡ್ದು ನಮ್ಮೆಮ್ಮೆ ಮಿರಿಮಿರಿ ಮಿಂಚ್ತೈತೆ ಕಣವ್ವ" ಎನ್ನುವಳು. ತವರಿಂದ ತಿಂಗಳು ತಿಂಗಳೂ ಬಂದ ಅಕ್ಕಿ ಅವಳ ಮನೆ ಸೇರುತ್ತಿತ್ತು. ಅವ್ವ ಕೇಳಿದರೆ, "ನಿನ್ನ ಅಕ್ಕಿ ಅನ್ನವೇ ಅನ್ನ" ಎನ್ನುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ನನ್ನ ಮನೆಯ ಮಾತು ನನ್ನ ಮನೆಯಲ್ಲೇ ಉಳಿಯುತ್ತಿತ್ತು. ಎದುರು ಮನೆಯಲ್ಲಿ ಪೊನ್ನಮ್ಮ ಇದ್ದಳು. ಸೇಲಂ ಕಡೆಯವಳು, ಗಂಡ ಅದಿರು ಇಳಿಸುವ ಕಡೆ ಕೆಲಸಕ್ಕಿದ್ದ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳು ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಕುಸುಬಲಕ್ಕಿ ತಿನ್ನುತ್ತಿದ್ದಳು. ಅದು ಬೇಯುವಾಗ ಬರುವ ವಾಸನೆಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನೇ ಮಾರಾಯ್ತಿ, ನೆನೆದ ಗೋಣಿಚೀಲ ಬೇಯಿಸ್ತಾ ಇದೀಯಾ?" ಎಂದು ಎಲ್ಲರೆದುರು ನಗಾಡಿದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುವಾರ ಅವಳ ಮನೆಗೂ ಮಿಲ್ಲಿನ ಅಕ್ಕಿ ಬಂತು. "ಅಕ್ಕಾ, ನಿಮ್ಮಂಗೇ ಬೆಳ್ಳಗೆ ಮಾಡಕ್ಕೆ ಹೇಳ್ಕೊಡಿ" ಎಂದು ಕೇಳಿದಳು. ನಲ್ಲಿಯ ಹತ್ತಿರ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು, ಎರಡು ಎಂದು ಏಳರವರೆಗೆ ಎಣಿಸಿ ನಾನೇ ಕಲಿಸಿದೆ.

ಇಬ್ಬರೂ ಒಂದೇ ಕಾಲಕ್ಕೆ ಬಸುರಾದೆವು. ಅವಳಿಗೆ ಗಂಡು ಹುಟ್ಟಿ ಒಂದೂವರೆ ತಿಂಗಳಿಗೆ ನನಗೆ ಹೆಣ್ಣು ಹುಟ್ಟಿತು. ನಾನು ತವರಿಗೆ ಹೋಗಬೇಕಿತ್ತು. ಅದೇ ತಿಂಗಳು ಅತ್ತಿಗೆಗೂ ಹೆರಿಗೆ ಇದ್ದದ್ದರಿಂದ, ಒಂದೇ ಮನೆಯಲ್ಲಿ ಎರಡು ಬಾಣಂತನ ಬೇಡವೆಂದು ಹಿರಿಯರು ಹೇಳಿದರು. ಅವ್ವ ಅತ್ತಳು. ನನಗೆ ಒಳಗೊಳಗೇ ಸಮಾಧಾನ, ಆ ಕೆಂಪಕ್ಕಿ ತಪ್ಪಿತಲ್ಲ ಎಂದು. ಯಜಮಾನರ ಸೋದರತ್ತೆ ಬಂದು ಬಾಣಂತನ ಮಾಡಿದರು. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನಂಜು. ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು, ಇಷ್ಟೇ ಪಥ್ಯ. ನಾನೂ ವಿಧೇಯಳಾಗಿ ಬೆಳ್ಳಿಬೆಳಕಿನಂಥ ಆ ಅನ್ನವನ್ನು ಎರಡೂ ಹೊತ್ತು ತಿಂದೆ.

ಪೊನ್ನಮ್ಮನ ಮಗನಿಗೆ ಮೂರು ತಿಂಗಳು ತುಂಬಿತ್ತು. ಚೆನ್ನಾಗಿ ಗುಂಡಗಿದ್ದ ಮಗು. ಎರಡು ದಿನ ಹಾಲು ಕಕ್ಕಿತು. ಮೂರನೆಯ ದಿನ ಅಳುತ್ತಿದ್ದರೂ ಗಂಟಲಿನಿಂದ ದನಿಯೇ ಬರಲಿಲ್ಲ. ಬಾಯಿ ತೆರೆದಿದೆ, ಕಣ್ಣಲ್ಲಿ ನೀರು, ಮುಖ ಕೆಂಪು, ಸದ್ದು ಮಾತ್ರ ಇಲ್ಲ. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿಗಟ್ಟಿತು. ಸಂಜೆಯ ಕೂಗಿಗೆ ಗಂಡ ಕೆಲಸದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೃಷ್ಟಿಯಾಯಿತು ಎಂದರು, ಬಾಲಗ್ರಹ ಎಂದರು. ನಾನು ಹೋಗಿ ಅವಳ ಬೆನ್ನು ಸವರುತ್ತ ಕೂತಿದ್ದೆ. ಕೈ ಬೆನ್ನು ಸವರುತ್ತಿದ್ದರೆ ಮನಸ್ಸು, 'ಇವರಿಗೆ ಮಕ್ಕಳನ್ನು ಸಾಕುವುದೇ ಗೊತ್ತಿಲ್ಲ' ಎಂದು ಯೋಚಿಸುತ್ತಿತ್ತು. ಇದನ್ನು ನಾನು ಯಾರಿಗೂ ಹೇಳದಿದ್ದರೂ ನಡೆಯುತ್ತಿತ್ತು, ಆದರೆ ಇಂದು ಬಿಟ್ಟುಬರೆಯಬಾರದೆಂದು ನಿಶ್ಚಯಿಸಿದ್ದೇನೆ.

ನನ್ನ ಕಾಲಿಗೆ ಆಗಲೇ ಜೋಮು ಹಿಡಿದಿತ್ತು. ಬಾಣಂತಿ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸೋದರತ್ತೆ ಬೆಚ್ಚಗೆ ಕಂಬಳಿ ಹೊದಿಸಿ ಊರಿಗೆ ಹೋದರು. ಒಂದು ದಿನ ನಲ್ಲಿಗೆ ಹೋಗುವಾಗ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿಬಿದ್ದು, ನಾನು ಬರಿಗಾಲಲ್ಲಿ ನಡೆದದ್ದು ನನಗೇ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಕೂಗಿ ಹೇಳಿದರು. ಮತ್ತೊಂದು ದಿನ ಒಲೆಯ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ಗೋಡೆ ಹಿಡಿದೆ, ನೆಲಕ್ಕೆ ಕೈ ಊರಿದೆ, ತೊಡೆಗಳು ನನ್ನವಲ್ಲವೇನೋ ಎಂಬಂತೆ ಸುಮ್ಮನಿದ್ದವು. ಯಜಮಾನರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. "ಏನೇ ಇದು, ಮುದುಕಿ ಥರ?" ಎಂದು ನಗಿಸಲು ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ಮೊಣಕಾಲ ಕೆಳಗೆ ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ನಾಲ್ಕು ಹೆಜ್ಜೆಗೆ ಏದುಸಿರು, ಎದೆ ಡವಡವ.

ಆಮೇಲೆ ಒಂದು ಬೆಳಿಗ್ಗೆ ನನ್ನ ಸರೋಜ ಹಾಲು ಕಕ್ಕಿದಳು. ಮಧ್ಯಾಹ್ನ ಅಳುವಾಗ ಅವಳ ದನಿ ಒಡೆದಿತ್ತು. ಸಂಜೆಗೆ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಆ ತೆರೆದ ಬಾಯಿಯನ್ನು ನಾನು ಎದುರು ಮನೆಯಲ್ಲಿ ನೋಡಿದ್ದೆ. ನಾನು ಕಿರುಚಿಕೊಂಡೆನಂತೆ. ಮೊದಲ ರೈಲಿಗೇ ಯಜಮಾನರು ನಮ್ಮಿಬ್ಬರನ್ನೂ ಶಿವಮೊಗ್ಗಕ್ಕೆ ಕರೆತಂದು ಆಸ್ಪತ್ರೆಯ ಜಗಲಿಯಲ್ಲಿ ಕೂರಿಸಿ, ನವುಲೆಗೆ ಹೇಳಿಕಳಿಸಿ, ಪಾಳಿ ತಪ್ಪಿಸುವಂತಿಲ್ಲವೆಂದು ಅವ್ವ ಬಂದ ಕೂಡಲೇ ವಾಪಸು ಹೋದರು.

ಜಗಲಿಯ ತುಂಬ ಚಳಿಜ್ವರದವರು. ಕಂಬಳಿ ಹೊದ್ದು ನಡುಗುವವರು, ಕ್ವಿನೈನಿನ ಕಹಿಗೆ ಮುಖ ಕಿವಿಚುವ ಮಕ್ಕಳು. ನಮ್ಮ ಸರದಿ ಬರುವವರೆಗೆ ಅವ್ವ ಮಗುವನ್ನು ಎದೆಗವಚಿಕೊಂಡು ಒಂದೇ ಸಮನೆ ತೂಗುತ್ತಿದ್ದಳು. ಅಳುವ ಮಗುವನ್ನು ಸುಮ್ಮನಿರಿಸುವ ಹಾಡನ್ನು, ಸದ್ದೇ ಮಾಡದ ಮಗುವಿಗೆ ಹೇಳುತ್ತಿದ್ದಳು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ.

ಡಾಕ್ಟರು ನಡುವಯಸ್ಸಿನವರು, ಮದ್ರಾಸಿನಲ್ಲಿ ಓದಿದವರಂತೆ. ಪುಟ್ಟ ಸುತ್ತಿಗೆಯಿಂದ ನನ್ನ ಮಂಡಿಗೆ ತಟ್ಟಿದರು, ಕಾಲು ಅಲುಗಲಿಲ್ಲ. ಕುಕ್ಕರಗಾಲಲ್ಲಿ ಕೂರಿಸಿ ಏಳು ಎಂದರು, ಏಳಲಾಗಲಿಲ್ಲ. ಅವರು ಏನೋ ಗೊತ್ತಾದವರಂತೆ ತಲೆ ಎತ್ತಿ, "ಮನೇಲಿ ಯಾವ ಅಕ್ಕಿ ಅಮ್ಮಾ ಉಣ್ಣೋದು? ಮಿಲ್ಲಿಂದಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. "ಮಿಲ್ಲಿಂದು ಯಾಕೆ ಸ್ವಾಮಿ? ನಾನೇ ಕೈಯಾರೆ ಕುಟ್ಟಿ ಕಳಿಸ್ತೀನಿ. ತಿಂಗ್ಳು ತಿಂಗ್ಳೂ ತಪ್ಸಿಲ್ಲ. ನನ್ ಮಗ್ಳು ಬ್ಯಾರೆ ಅಕ್ಕಿ ಮುಟ್ಟಲ್ಲ."

ಹೇಳುವಾಗ ಅವಳ ಮುಖದಲ್ಲಿ, ಅಷ್ಟು ಗಾಬರಿಯ ನಡುವೆಯೂ, ಒಂದು ಹೆಮ್ಮೆ ಇತ್ತು. ಒನಕೆ ಹಿಡಿದು ಜಡ್ಡುಗಟ್ಟಿದ ಎರಡೂ ಅಂಗೈಗಳನ್ನು ಡಾಕ್ಟರಿಗೆ ತೋರಿಸಿದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹಾಗಾದ್ರೆ ಅದಲ್ಲ" ಎಂದು ಅವರು ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕಿಟ್ಟರು. "ಕೈಯಲ್ಲಿ ಕುಟ್ಟಿದ್ದು ತಿನ್ನೋರಿಗೆ ಆ ಕಾಯಿಲೆ ಬರಲ್ಲ. ಮೂತ್ರಪಿಂಡ ನೋಡೋಣ, ಮಗೂಗೆ ಎದೆ ಕಫ ಇರಬಹುದು." ಉಪ್ಪು ಬಿಡಿ ಎಂದರು, ಮೂತ್ರ ಪರೀಕ್ಷೆಗೆ ಬರೆದರು, ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಕೊಡಿಸಿದರು.

ಡಾಕ್ಟರು ಕೇಳಿದ ಪ್ರಶ್ನೆಯಲ್ಲೇ ಉತ್ತರವಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ನಾನು ದಡ್ಡಿಯಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಅವ್ವನ ಎದುರಿಗೆ ಆ ಮಾತನ್ನು ಹೇಗೆ ಆಡುವುದು? ಅವಳು ಮಂಚದ ಪಕ್ಕ ಬಿಟ್ಟು ಅಲುಗುತ್ತಿರಲಿಲ್ಲ. ನಾಳೆ ಹೇಳೋಣ, ಡಾಕ್ಟರು ಒಬ್ಬರೇ ಸಿಕ್ಕಾಗ ಹೇಳೋಣ ಎಂದುಕೊಂಡೆ. ಅಕ್ಕಿಯಿಂದ ಕಾಲು ಹೋಗುವುದುಂಟೇ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಇನ್ನೂ ಕೆಟ್ಟದ್ದೊಂದಿದೆ. ದೇವರೇ, ಇದು ಮೂತ್ರಪಿಂಡದ ಕಾಯಿಲೆಯೇ ಆಗಲಿ ಎಂದು ಹರಕೆ ಹೊತ್ತೆ. ನನ್ನ ಮಾನ ಉಳಿಯಲು ನನ್ನ ಮೈಗೂ ಮಗುವಿಗೂ ಬೇರೊಂದು ರೋಗ ಬೇಡಿಕೊಂಡವಳು ನಾನು.

ಮೊದಲ ದಿನ ಹಾಗೆ ಹೋಯಿತು. ಎರಡನೆಯ ದಿನ ಮೂತ್ರದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿಕೊಂಡು ಹೋದರು. ವಾರ್ಡಿನ ಆಯಾ ಒಬ್ಬಳು, ಯಾರೂ ಹೇಳದೆಯೇ, ಬಿಸಿನೀರು ತಂದು ನನ್ನ ಮುಖ ಒರೆಸಿ ತಲೆ ಬಾಚಿದಳು. "ಮಗೂಗೆ ಏನಾಗಲ್ಲ ಕಣವ್ವ, ನೀನು ಧೈರ್ಯವಾಗಿರು. ನಿಮ್ಮವ್ವ ಎಂಥ ಪುಣ್ಯವಂತೆ ನೋಡು, ಒಂದು ನಿಮ್ಷ ಕೂತಿಲ್ಲ" ಎಂದಳು. ಆ ಬಾಚಣಿಗೆ ತಲೆಯಲ್ಲಿ ಆಡುವಾಗ ನಾನು ಬಿಕ್ಕಿಬಿಕ್ಕಿ ಅತ್ತೆ. ಹೆದರಿಕೆಗೆ ಅಳುತ್ತಿದ್ದಾಳೆ ಎಂದು ಅವಳು ತಿಳಿದಳು.

ನಡುವೆ ಮಗುವಿಗೆ ಹಾಲು ಕುಡಿಸುತ್ತಲೇ ಇದ್ದೆ. ನನ್ನ ಹಾಲನ್ನೇ.

ಮೂರನೆಯ ದಿನ ಬೆಳಿಗ್ಗೆ ಸರೋಜಳ ತುಟಿಯ ಅಂಚಿನಲ್ಲಿ ನೀಲಿ ಕಂಡಿತು. ಎದೆಗೂಡು ಹಕ್ಕಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಅವ್ವ ತನ್ನ ತಾಳಿಯನ್ನು ಕಣ್ಣಿಗೊತ್ತಿಕೊಂಡು ಏನೇನೋ ಬೇಡುತ್ತಿದ್ದಳು. ಯಜಮಾನರು ಬೆಳಗಿನ ರೈಲಿಗೆ ಬಂದಿದ್ದರು. ಡಾಕ್ಟರು ವಾರ್ಡಿಗೆ ಬಂದಾಗ ನಾನು ಅವರ ಕೋಟಿನ ಅಂಚನ್ನು ಹಿಡಿದುಕೊಂಡೆ.

"ಡಾಕ್ಟ್ರೇ, ನಾವು ತಿನ್ನೋದು ಮಿಲ್ಲಿನ ಅಕ್ಕಿ. ಮೂರು ವರ್ಷದಿಂದ ಅದೇ. ಏಳು ಸಲ ತೊಳೀತೀನಿ, ಗಂಜಿನೂ ಬಸೀತೀನಿ. ಅವ್ವ ಕಳಿಸಿದ್ದನ್ನ ನಾವು ಒಂದು ಹಿಡೀನೂ ತಿಂದಿಲ್ಲ."

ಡಾಕ್ಟರು ನನ್ನನ್ನೂ ಅವ್ವನನ್ನೂ ಒಂದು ಸಲ ನೋಡಿದರು. "ಮೊನ್ನೆ ಯಾಕಮ್ಮಾ ಹೇಳ್ಲಿಲ್ಲ?" ಎಂದರು. ಬೈದಂತೆ ಇರಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದಂತಿತ್ತು. ಉತ್ತರಕ್ಕೆ ಅವರು ಕಾಯಲಿಲ್ಲ. ಹೆಚ್ಚುಕಡಿಮೆ ಓಡುತ್ತಲೇ ಹೋಗಿ, ತಮ್ಮ ಬೀರುವಿನಿಂದ ಒಂದು ಪುಟ್ಟ ಗಾಜಿನ ಕೊಳವೆ ತಂದು, ಮಗುವಿನ ತೊಡೆಗೆ ಸೂಜಿಮದ್ದು ಚುಚ್ಚಿದರು. ಇಂಗ್ಲೆಂಡಿನಿಂದ ಬಂದ ಹೊಸ ಮದ್ದಂತೆ, ಆಸ್ಪತ್ರೆಯಲ್ಲಿ ಇದ್ದದ್ದೇ ನಾಲ್ಕಾರು. ನನ್ನ ಹಾಲನ್ನು ಅಂದಿನಿಂದಲೇ ನಿಲ್ಲಿಸಿದರು. ನನಗೆ ತೌಡಿನ ಕಷಾಯ, ಹೊತ್ತಿಗೊಂದು ಲೋಟ.

ಬೆರಿಬೆರಿ ಎಂಬ ಹೆಸರನ್ನು ಅಂದೇ ಮೊದಲು ಕೇಳಿದ್ದು. ಡಾಕ್ಟರು ಯಜಮಾನರನ್ನು ಪಕ್ಕಕ್ಕೆ ಕರೆದು ಕೇಳಿದರು, "ಅದೇ ಅನ್ನ ತಿಂದ ನಿಮಗೇನೂ ಆಗಿಲ್ವಲ್ಲ, ಹೇಗ್ರೀ?"

ಯಜಮಾನರು ತಲೆ ಕೆರೆದುಕೊಂಡರು. "ಗೇಟಿನ ಹತ್ರ ಒಬ್ಬಾಕೆ ಮುದ್ದೆ ಮಾಡ್ತಾಳೆ ಸಾರ್. ಈ ಅನ್ನ ಹೊಟ್ಟೆಗೆ ನಿಲ್ಲಲ್ಲ. ದಿನಾ ಮಧ್ಯಾಹ್ನ ಅಲ್ಲೇ… ಇವಳಿಗೆ ಹೇಳಿರ್ಲಿಲ್ಲ, ಬೇಜಾರು ಮಾಡ್ಕೊಂತಾಳೆ ಅಂತ."

ಡಾಕ್ಟರಿಗೆ ಆ ಹೊತ್ತಿನಲ್ಲೂ ನಗು ಬಂತು. "ನೀವು ಗಾಳಿಯಂತ್ರದ ಕೆಲಸದೋರಲ್ವಾ? ಕುಲುಮೆಗೆ ಇದ್ದಿಲು ಸುರೀತಾನೇ ಇದ್ದು, ಗಾಳಿ ನಿಲ್ಲಿಸಿಬಿಟ್ರೆ ಏನಾಗ್ತದೆ?"

"ಒಳಗೇ ಗಟ್ಟಿಯಾಗಿ ಕೂತ್ಕೊಳ್ತದೆ ಸಾರ್. ಅರ್ಧಂಬರ್ಧ ಉರಿದು ಹೊಗೆ ತುಂಬ್ಕೊಳ್ತದೆ."

"ಇವರ ಮೈಯಲ್ಲಿ ಆಗಿರೋದೂ ಅದೇ. ನಮ್ಮ ಮೈಯ ಒಂದೊಂದು ಕಣದಲ್ಲೂ ಒಂದು ಕುಲುಮೆ ಇದೆ ಅಂತ ಇಟ್ಕೊಳ್ಳಿ. ಅನ್ನ ಇದ್ದಿಲು. ಅದು ಪೂರ್ತಿ ಉರಿದ್ರೇನೇ ಕಾಲಿಗೆ ನಡೆಯೋ ಶಕ್ತಿ, ಎದೆಗೆ ಬಡಿಯೋ ಶಕ್ತಿ. ಉರಿಸೋಕೆ ಬೇಕಾದ ಗಾಳಿ ತೌಡಿನಲ್ಲಿತ್ತು. ಅರ್ಧ ಮಿಲ್ಲಿನೋರು ತೆಗೆದ್ರು, ಮಿಕ್ಕಿದ್ದನ್ನ ಇವರು ಅಕ್ಕಚ್ಚಿನಲ್ಲಿ ಚೆಲ್ಲಿದ್ರು. ತಾಯಿ ಹಾಲಿನಲ್ಲೂ ಅದು ಇಲ್ಲ. ಹೊಟ್ಟೆ ತುಂಬ ತಿಂದು ಉಪವಾಸ ಬಿದ್ದಿದಾರೆ, ಇಬ್ಬರೂ."

ನಾನು ಮಲಗಿದ್ದಲ್ಲಿಂದಲೇ ಇದನ್ನೆಲ್ಲ ಕೇಳಿದೆ. ಎಷ್ಟೋ ಜನಕ್ಕೆ ತಿನ್ನಲು ಗತಿಯಿಲ್ಲದೆ ರೋಗ ಬರುತ್ತದೆ. ನನಗೆ ತವರಿನವರು ಚೀಲ ಚೀಲ ಕಳಿಸಿದ್ದನ್ನು ದಾಟಿಸಿ, ದುಡ್ಡು ಕೊಟ್ಟು ತಂದುಕೊಂಡ ರೋಗ ಇದು.

ನನ್ನ ಮಾತು ಮುಗಿದಾಗಿನಿಂದ ಅವ್ವ ಗೋಡೆಗೆ ಒರಗಿ ನಿಂತೇ ಇದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದುಬಿಡಲಿ ಎಂದು ಬೇಡಿಕೊಂಡೆ. ಅವಳು ಡಾಕ್ಟರ ಹತ್ತಿರ ಹೋಗಿ, "ಸ್ವಾಮಿ, ತೌಡು ಎಷ್ಟು ಬೇಕು?" ಎಂದು ಮಾತ್ರ ಕೇಳಿದಳು. ಆಸ್ಪತ್ರೆಯಿಂದ ನವುಲೆಗೆ ಬಿಸಿಲಿನಲ್ಲೇ ನಡೆದು ಹೋಗಿ, ಸಂಜೆಗೆ ಸೆರಗಿನಲ್ಲಿ ತೌಡು ಕಟ್ಟಿಕೊಂಡು ಬಂದಳು. ಆಸ್ಪತ್ರೆಯ ಹಿಂದಿನ ಒಲೆಯಲ್ಲಿ ತಾನೇ ಕುದಿಸಿ ಸೋಸಿ ತಂದು ಲೋಟವನ್ನು ನನ್ನ ಬಾಯಿಗೆ ಹಿಡಿದಳು. ದನದ ಕೊಟ್ಟಿಗೆಯ ವಾಸನೆ. ನಾನು ಒಂದೇ ಉಸಿರಿಗೆ ಕುಡಿದೆ.

ಲೋಟ ಇಳಿಸಿದ ಮೇಲೆ ಕೇಳಿದಳು. "ಆ ಅಕ್ಕಿ ಯಾರು ತಿಂದ್ರು?"

"ಹಾಲಿನ ಚೌಡವ್ವನ ಮಕ್ಳು."

"ಚೆನ್ನಾಗಿದಾವಾ?"

"ಚೆನ್ನಾಗಿದಾವೆ ಅವ್ವ."

"ಹ್ಞೂಂ" ಎಂದು ಲೋಟ ತೊಳೆಯಲು ಹೋದಳು. ಅದಾದ ಮೇಲೆ ಸಾಯುವವರೆಗೂ ಅವಳು ಆ ಮಾತು ಎತ್ತಲಿಲ್ಲ. ಅವಳ ಆ ಒಂದು "ಹ್ಞೂಂ" ಅನ್ನು ಹೊರುವುದಕ್ಕಿಂತ ನಾಲ್ಕು ಏಟು ತಿನ್ನುವುದು ಸುಲಭವಿತ್ತು.

ಸೂಜಿಮದ್ದು ಹೊಕ್ಕ ಅದೇ ದಿನ ಇಳಿಹೊತ್ತಿಗೆ ಮಗುವಿನ ತುಟಿ ಕೆಂಪಾಯಿತು. ಉಸಿರು ನಿಧಾನಕ್ಕೆ ಬಂತು. ದನಿ ಬರಲು ಇನ್ನೂ ಐದು ದಿನ ಹಿಡಿಯಿತು. ಆರನೆಯ ದಿನ ಆಯಾ ಸ್ನಾನ ಮಾಡಿಸುವಾಗ ಬೆಕ್ಕಿನ ಮರಿಯಂತೆ ಒಂದು ಎಳೆ ದನಿ ಕೇಳಿತು. ವಾರ್ಡಿನ ಅಷ್ಟೂ ಮಂಚಗಳ ಹೆಂಗಸರು, "ಅತ್ತಳು, ಅತ್ತಳು" ಎಂದು ನಕ್ಕರು. ಮಗು ಅತ್ತಿತೆಂದು ಇಷ್ಟು ಜನ ನಕ್ಕದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ನನ್ನ ಕಾಲು ಅಷ್ಟು ಬೇಗ ಕ್ಷಮಿಸಲಿಲ್ಲ. ಗೋಡೆ ಹಿಡಿದು ನಡೆಯಲು ಎರಡು ತಿಂಗಳು, ಬಿಟ್ಟು ನಡೆಯಲು ಇನ್ನೂ ಮೂರು. ಎಡಪಾದದ ಹೆಬ್ಬೆರಳು ಇಂದಿಗೂ ಮರದ ತುಂಡಿನಂತೆಯೇ ಇದೆ.

ಭದ್ರಾವತಿಗೆ ಹಿಂತಿರುಗಿದಾಗ ನಾನು ಮಾಡಬೇಕಾದ ಕೆಲಸ ಒಂದೇ ಇತ್ತು, ಎದುರು ಮನೆಗೆ ಹೋಗುವುದು. ಪೊನ್ನಮ್ಮನ ಮಗ ಹೋದದ್ದು ಯಾವುದರಿಂದ ಎಂದು ಇಡೀ ಸಾಲಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಹೋಗಲಿಲ್ಲ. ಕಾಲು ಬರುವುದಿಲ್ಲ ಎಂಬ ನೆಪ ಸಿಕ್ಕಿತ್ತು. ಅವಳೇ ದಿನಾ ಬಂದು ನನಗೆ ನೀರು ತಂದು ಹಾಕಿದಳು, ಸರೋಜಳನ್ನು ಎತ್ತಿಕೊಂಡು ಮುದ್ದಾಡಿದಳು. "ನಮ್ಮೋನು ಹೋದ, ಇವಳು ಉಳ್ಕೊಂಡ್ಲು. ಅಷ್ಟು ಸಾಕು ಬಿಡಿ ಅಕ್ಕಾ" ಎಂದಳು. ಏನು ಕಾಯಿಲೆ ಎಂದು ಕೇಳಿದಾಗ "ನರದ್ದು" ಎಂದೆ. ಮನೆಯಲ್ಲಿ ಕೆಂಪಕ್ಕಿ ಬೇಯಿಸುವಾಗ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ಮೂರು ದಿನ ಸುಮ್ಮನಿದ್ದವಳು ಇಲ್ಲಿ ಐದು ತಿಂಗಳು ಸುಮ್ಮನಿದ್ದೆ.

ದೀಪಾವಳಿಯ ಹಿಂದಿನ ದಿನ ಮೊದಲ ಸಲ ಯಾರ ಆಸರೆಯೂ ಇಲ್ಲದೆ ನಲ್ಲಿಯವರೆಗೆ ನಡೆದೆ. ಪೊನ್ನಮ್ಮ ಅಲ್ಲಿ ಕೂತು ಅಕ್ಕಿ ತೊಳೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರಿಂದ ಹೊಟ್ಟೆ ಮುಂದೆ ಬಂದಿದ್ದು ಕಂಡಿತು. ನಾಲ್ಕು ತಿಂಗಳಂತೆ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲವಂತೆ. ಹಾಲಿನಂಥ ನೀರು ಚರಂಡಿಗೆ ಹರಿಯುತ್ತಿತ್ತು. ಸಾಲಿಗೆ ಹೊಸದಾಗಿ ಬಂದಿದ್ದ ಒಬ್ಬಾಕೆ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಪೊನ್ನಮ್ಮ ಅವಳಿಗೆ, "ಏಳು ನೀರು ಆಗ್ಬೇಕು. ನಮ್ ಅಕ್ಕ ಹೇಳ್ಕೊಟ್ಟಿದ್ದು, ಓದ್ದೋರು" ಎನ್ನುತ್ತಿದ್ದಳು.

ನನ್ನ ಕೈಯಿಂದ ಕೊಡ ಜಾರಿತು. ಪೊನ್ನಮ್ಮ ಎದ್ದು ಬಂದು ಹಿಡಿದುಕೊಂಡಳು, ಬೀಳುತ್ತೇನೆ ಎಂದು. ಅವಳ ತೋಳು ಹಿಡಿದೇ ಅವಳ ಮನೆಯೊಳಕ್ಕೆ ಹೋದೆ. ಬಾಗಿಲು ಹಾಕಿ, ಕೂತು, ಮೊದಲಿನಿಂದ ಹೇಳಿದೆ. ಗೋಣಿಚೀಲ ಎಂದು ನಕ್ಕದ್ದು, ಡಾಕ್ಟರು ಕೇಳಿದ್ದು, ನಾನು ನೆಲ ನೋಡಿದ್ದು, ಸರೋಜಳಿಗೆ ಕೊಟ್ಟ ಮದ್ದು, ಅವಳ ಮಗನಿಗೂ ನನ್ನ ಮಗಳಿಗೂ ಬಂದದ್ದು ಒಂದೇ ಎನ್ನುವುದು. ಐದು ತಿಂಗಳಿಂದ ಗೊತ್ತಿದ್ದೂ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಭತ್ತ ಬೇಯುವಾಗಲೇ ತೌಡಿನ ಸತ್ವ ಅಕ್ಕಿಯೊಳಗೆ ಇಳಿಯುತ್ತದಂತೆ, ನಿನ್ನ ಕುಸುಬಲಕ್ಕಿಯನ್ನೇ ತಿನ್ನುತ್ತಿದ್ದರೆ ನಿನ್ನ ಮಗನಿಗೆ ಇದು ಬರುತ್ತಲೇ ಇರಲಿಲ್ಲ ಎಂದೂ ಹೇಳಿದೆ. ಹೇಳುವಷ್ಟು ಹೊತ್ತೂ ಅವಳ ಮುಖ ನೋಡಲಿಲ್ಲ.

ಹೊರಗೆ ಕಾರ್ಖಾನೆಯ ಕೂಗು ಆಯಿತು, ಬೀದಿಯಲ್ಲಿ ಪಾಳಿ ಮುಗಿಸಿದವರ ಹೆಜ್ಜೆ ಸದ್ದು ಬಂದು ಹೋಯಿತು.

"ಕೊನೇ ದಿನ ಅವನು ಹಾಲು ಕುಡೀತಾನೇ ಇದ್ದ ಅಕ್ಕಾ" ಎಂದಳು. "ಕುಡೀತಾನಲ್ಲ, ಹಂಗಾರೆ ಬದುಕ್ತಾನೆ ಅಂತ ನಾನು ಕುಡಿಸ್ತಾನೇ ಇದ್ದೆ."

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಕೂತಲ್ಲಿಂದ ಬಗ್ಗಿ ಏಳುವ ತ್ರಾಣ ನನಗಿನ್ನೂ ಬಂದಿರಲಿಲ್ಲ, ಮುಗ್ಗರಿಸಿದೆ. ಅವಳೇ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು. ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು. ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಈಗ ಇದಕ್ಕೆ ನಾನು ಏನು ತಿನ್ನಬೇಕು, ಹೇಳಿ ಅಕ್ಕಾ."

ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ಅವಳು ನನ್ನನ್ನೇ ಕೇಳಿದಳು.